ಮೂಗು ಪಾಸು ಮಾಡಿದ ಮಿಷನ್‌ಗಳು

ಆ ರಿಪೇರಿ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಗುಣವಾಯಿತೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದುದು ಮೇಸ್ತ್ರಿಯ ಮೂಗು. ಯಂತ್ರವನ್ನು ಬಿಚ್ಚಿ, ಧೂಳು ಕೊಡವಿ, ಕೆಟ್ಟ ಭಾಗ ಬದಲಾಯಿಸಿ, ಮತ್ತೆ ಜೋಡಿಸಿ ಎರಡು ನಿಮಿಷ ಓಡಿಸುತ್ತಿದ್ದರು. ಆಮೇಲೆ ನೆಲಕ್ಕೆ ಮೊಣಕಾಲೂರಿ, ಬಿಸಿಗಾಳಿ ಹೊರಬರುವ ಜಾಲರಿಯ ಹತ್ತಿರ ಮುಖ ಒಯ್ದು, ಕಣ್ಣು ಮುಚ್ಚಿ ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. "ಪಾಸು" ಎಂದರೆ ಮುಗಿಯಿತು. ಕೌಂಟರಿನಲ್ಲಿ ಕೂತ ಹೆಂಗಸು ಚೀಟಿಯ ಮೇಲೆ ಠಪ್ಪೆಂದು ಸೀಲು ಒತ್ತುತ್ತಿದ್ದಳು. ಗಿರಾಕಿಗಳು ಆ ಮೊಣಕಾಲೂರುವಿಕೆಯನ್ನು ನೋಡಲೆಂದೇ ನಿಲ್ಲುತ್ತಿದ್ದರು. ಮೇಸ್ತ್ರಿಯನ್ನು ಎಲ್ಲರೂ ಕರೆಯುತ್ತಿದ್ದುದೇ ಮೂಗಿನ ಮೇಸ್ತ್ರಿ ಎಂದು.

ಈ ವಿದ್ಯೆ ಅವರಿಗೆ ಸುಮ್ಮನೆ ಒಲಿದದ್ದಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ಹಳೆಯ ಮೇಸ್ತ್ರಿ ಮೂರು ತಿಂಗಳು ಅವರ ಕೈಗೆ ಸ್ಕ್ರೂಡ್ರೈವರನ್ನೇ ಕೊಡಲಿಲ್ಲ. ಐದು ಬೆಂಕಿಪೊಟ್ಟಣಗಳಲ್ಲಿ ಐದು ಬಗೆಯ ಸುಟ್ಟ ಚೂರುಗಳನ್ನಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ದಿನಾ ಮೂಸಿ ಹೇಳಿಸುತ್ತಿದ್ದರು. ಸುಟ್ಟ ರಬ್ಬರಾದರೆ ಬ್ರಶ್ಶನ್ನು ತಿರುಗಿಸುವ ಬೆಲ್ಟು ಜಾರುತ್ತಿದೆ ಎಂದರ್ಥ. ಕೂದಲು ಸುಟ್ಟ ವಾಸನೆಯಾದರೆ ಬೇರಿಂಗಿಗೆ ಏನೋ ಸುತ್ತಿಕೊಂಡಿದೆ. ತಿರುಗುವ ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳನ್ನು ಹೊಸದಾಗಿ ಹಾಕಿದಾಗ ಕಿಡಿಯ ಚುರುಕು ವಾಸನೆ ಐದು ನಿಮಿಷ ಇದ್ದು ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಒಂದಕ್ಕೇ: ಸಕ್ಕರೆ ಪಾಕ ತಳ ಹಿಡಿದಂಥ, ಅರ್ಧ ಸಿಹಿ ಅರ್ಧ ಕಹಿ ವಾಸನೆ. ಮೋಟಾರಿನೊಳಗೆ ತಿರುಗುವ ಆರ್ಮೇಚರಿಗೆ ಸುತ್ತಿದ ತಾಮ್ರದ ತಂತಿಗೆ ವಾರ್ನಿಷಿನ ತೆಳುವಾದ ಲೇಪನವಿರುತ್ತದೆ. ಆ ವಾರ್ನಿಷ್ ಬೆಂದರೆ ಬರುವ ವಾಸನೆ ಅದು. ಲೇಪನ ಹೋದ ಎಳೆಗಳು ಒಂದಕ್ಕೊಂದು ತಾಗಿ, ಕರೆಂಟು ಅಡ್ಡದಾರಿ ಹಿಡಿದು, ಸುರುಳಿ ಕಾಯುತ್ತ ಹೋಗುತ್ತದೆ. ಮೋಟಾರು ಮಾತ್ರ ಏನೂ ಆಗದ ಹಾಗೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ.

ಇದನ್ನು ಪತ್ತೆಹಚ್ಚಲು ತಂತಿಯಲ್ಲಿ ಕರೆಂಟಿಗಿರುವ ತಡೆ ಅಳೆಯುವ ಮೀಟರೂ ಸಾಕು. ಆರ್ಮೇಚರಿನ ತುದಿಯಲ್ಲಿ ಇಪ್ಪತ್ತೆರಡು ತಾಮ್ರದ ಪಟ್ಟಿಗಳು ಸುತ್ತಲೂ ಇರುತ್ತವೆ. ಅಕ್ಕಪಕ್ಕದ ಎರಡೆರಡು ಪಟ್ಟಿಗಳ ಮೇಲೆ ಮೀಟರಿನ ಮೊನೆಗಳನ್ನಿಟ್ಟು ನೋಡುತ್ತ ಹೋಗಬೇಕು. ಇಪ್ಪತ್ತೆರಡು ಅಂಕಿಗಳೂ ಹೆಚ್ಚುಕಡಿಮೆ ಒಂದೇ ಬರಬೇಕು. ಎಲ್ಲಿ ಅಂಕಿ ಇಳಿಯಿತೋ ಅಲ್ಲಿ ಸುರುಳಿ ಬೆಂದಿದೆ. ಬಿಚ್ಚಿ ಜೋಡಿಸುವುದೂ ಸೇರಿ ಮುಕ್ಕಾಲು ಗಂಟೆಯ ಕೆಲಸ. ಮೂಗಿಗೆ ಒಂದು ಉಸಿರು ಸಾಕು.

"ಮೀಟರು ಮೂಗಿಲ್ಲದವನ ಊರುಗೋಲು ಕಣೋ," ಎನ್ನುತ್ತಿದ್ದರು ಹಳೆಯ ಮೇಸ್ತ್ರಿ. ಅವರು ಹೋದ ಮೇಲೂ ಆ ಮಾತು ಅಂಗಡಿಯ ಕಾನೂನಾಗಿ ಉಳಿಯಿತು. ಮೀಟರು ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ರಸೀದಿ ಪುಸ್ತಕಗಳ ಅಡಿ ಬಿದ್ದಿತ್ತು.

ನಾಲ್ಕು ತಿಂಗಳ ಹಿಂದೆ ಮೇಸ್ತ್ರಿಗೆ ಜ್ವರ ಬಂತು. ಐವತ್ತೆಂಟರ ದೇಹ ಒಂದು ವಾರ ಹಾಸಿಗೆ ಹಿಡಿದು, ಎಂಟನೆಯ ದಿನ ಎದ್ದಿತು. ಎದ್ದ ಬೆಳಿಗ್ಗೆ ಒಲೆಯ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದರು. ಹೆಂಡತಿ ಹಿತ್ತಲಿಂದ ಓಡಿ ಬಂದಳು.

"ಹಾಲು ಸೀದು ಪಾತ್ರೆ ಕರಿ ಆಗಿದೆ! ಬೀದಿಗೆಲ್ಲ ಗೊತ್ತಾಯ್ತು, ಇಲ್ಲೇ ನಿಂತೋರಿಗೆ ಗೊತ್ತಾಗ್ಲಿಲ್ವಾ?"

"ಏನೋ ಯೋಚನೆ ಮಾಡ್ತಿದ್ದೆ," ಎಂದರು ಮೇಸ್ತ್ರಿ. ಹೆಂಡತಿ ಪಾತ್ರೆ ಹಿಡಿದುಕೊಂಡೇ ಅವರ ಮುಖವನ್ನು ಒಂದು ಗಳಿಗೆ ನೋಡಿ, ಅದನ್ನು ತೊಳೆಯಲು ಹಿತ್ತಲಿಗೆ ಹೋದಳು.

ನೆಗಡಿ ಇಳಿದರೆ ಸರಿಹೋದೀತು ಎಂದುಕೊಂಡರು. ನೆಗಡಿ ಇಳಿಯಿತು, ಮೂಗು ಬರಲಿಲ್ಲ. ಗುರುತಿನವರು ಯಾರೂ ಸಿಗದ ದೂರದ ಬಡಾವಣೆಯ ಡಾಕ್ಟರನ್ನು ಹುಡುಕಿಕೊಂಡು ಹೋದರು. ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, "ನರಕ್ಕೆ ಪೆಟ್ಟಾಗಿದೆ. ಆರು ತಿಂಗಳಲ್ಲಿ ಬರಬಹುದು, ವರ್ಷ ಆಗಬಹುದು, ಬರದೇನೂ ಇರಬಹುದು. ದಿನಾ ಮೂರು ನಾಲ್ಕು ಗಾಢವಾದ ವಾಸನೆ ಮೂಸಿ ಅಭ್ಯಾಸ ಮಾಡಿ," ಎಂದರು. ಅಂದಿನಿಂದ ಮೇಸ್ತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಟೀಪುಡಿ, ಸೀಮೆಎಣ್ಣೆ, ಬಟ್ಟೆ ಸೋಪು ಮೂರನ್ನೂ ಒಂದಾದ ಮೇಲೊಂದು ಮೂಸುತ್ತಿದ್ದರು. ಮೂರೂ ಒಂದೇ. ಖಾಲಿ ಲೋಟ ಮೂಸಿದ ಹಾಗೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಬೇರೆ ಅಂಗಡಿಗಳಲ್ಲಿ ಯಾರೂ ಈಗ ಮೋಟಾರ್ ಬಿಚ್ಚುವುದಿಲ್ಲ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿಬಿಡುತ್ತಾರೆ. ಅದಕ್ಕೆ ಮೇಸ್ತ್ರಿಗಿಂತ ಚುರುಕಾದ ಕೈಗಳು ಬೇಕಾದಷ್ಟಿದ್ದವು. ಮೂಗನ್ನು ಕಳೆದರೆ ಅವರಲ್ಲಿ ಉಳಿಯುತ್ತಿದ್ದುದು ಕನ್ನಡಕ ಹಾಕಿಯೂ ಸ್ಕ್ರೂವಿನ ಗೀರು ತಡಕುವ, ನಿಧಾನದ ಮನುಷ್ಯ ಮಾತ್ರ.

ಒಮ್ಮೆ ಮಾತ್ರ ಧೈರ್ಯ ಮಾಡಿ ಡ್ರಾಯರಿನಿಂದ ಮೀಟರು ತೆಗೆದರು. ಅದೇ ಹೊತ್ತಿಗೆ ಮಾಲೀಕ ಒಳಗೆ ಬಂದ. ಮೇಸ್ತ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಾಯಿ ದೊಡ್ಡದು.

"ಏನ್ ಮೇಸ್ತ್ರಿ, ಊರುಗೋಲು ಹುಡುಕ್ತಾ ಇದ್ದೀರಾ? ನಿಮ್ಮ ಮೂಗು ನಂಬ್ಕೊಂಡು ನಾನು ಅಂಗಡಿ ಬಾಗ್ಲು ತೆಗೆದಿರೋದು. ಅದಕ್ಕೆ ವಿಮೆ ಮಾಡಿಸ್ಬೇಕು ಅಂತಿದ್ದೆ!"

"ಬ್ಯಾಟರಿ ಇದೆಯಾ ನೋಡ್ತಿದ್ದೆ ಅಷ್ಟೆ," ಎಂದು ಮೇಸ್ತ್ರಿ ಮೀಟರನ್ನು ಮತ್ತೆ ರಸೀದಿ ಪುಸ್ತಕಗಳ ಅಡಿಗೆ ತಳ್ಳಿದರು.

ಅಂದಿನಿಂದ ಪ್ರತಿ ಯಂತ್ರದ ಮುಂದೆಯೂ ಎಂದಿನಂತೆ ಮೊಣಕಾಲೂರಿದರು, ಕಣ್ಣು ಮುಚ್ಚಿದರು, ಉಸಿರೆಳೆದರು. ಗಾಳಿಯ ಬಿಸಿ ಎಷ್ಟಿದೆಯೆಂದು ಕೆನ್ನೆಯಿಂದ ಅಳೆದರು, ಸದ್ದು ಹೇಗಿದೆಯೆಂದು ಕಿವಿಯಿಂದ ಕೇಳಿದರು. ಎರಡೂ ಸರಿಯೆನಿಸಿದರೆ "ಪಾಸು" ಎಂದರು. ಆದರೆ ಎರಡು ನಿಮಿಷದಲ್ಲಿ ಬೆಂದ ಸುರುಳಿ ಕೆನ್ನೆಗೆ ಗೊತ್ತಾಗುವಷ್ಟು ಬಿಸಿಯಾಗುವುದಿಲ್ಲ, ಕಿವಿಗೆ ಗೊತ್ತಾಗುವಷ್ಟು ನರಳುವುದೂ ಇಲ್ಲ. ಇದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಬಂದು ಚಪ್ಪಲಿ ಬಿಡುತ್ತಿದ್ದಾಗ ಕೌಂಟರಿನವಳು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದಳು.

"ಅಣ್ಣಾ, ನಿನ್ನೆ ಸಾಯಂಕಾಲ ಹೋಯ್ತಲ್ಲ ಆ ಕೆಂಪು ಕ್ಲೀನರ್, ಅದರ ವಾಸನೆ ಇನ್ನೂ ಹೋಗಿಲ್ಲ ನೋಡಿ. ರಾತ್ರಿಯೆಲ್ಲ ಅಂಗಡಿ ಮುಚ್ಚಿತ್ತಲ್ಲ, ಉಳಿದುಬಿಟ್ಟಿದೆ."

"ಯಾವ ವಾಸನೆ?" ಎಂದು ಕೇಳಿದ ಮೇಲೆ, ಕೇಳಬಾರದಿತ್ತು ಎಂದು ಅವರಿಗೆ ಹೊಳೆಯಿತು.

"ಅದೇ, ಪಾಕ ಸೀದ ಹಾಗೆ. ನಿನ್ನೆ ನೀವು ಓಡಿಸ್ದಾಗ್ಲೇ ಬರ್ತಿತ್ತು. ನಂಗೆ ತಲೆನೋವೇ ಬಂತು. ನೀವು ಪಾಸು ಅಂದ್ರಲ್ಲ, ಹೊಸ ಕಾರ್ಬನ್ನಿಗೆ ಹಾಗೇ ಇರ್ಬೇಕು ಅಂತ ಸೀಲ್ ಹಾಕ್ದೆ. ಮಾಲೀಕ್ರೂ ಮೂಗು ಮುಚ್ಕೊಂಡು ಹೋದ್ರು."

ಚಪ್ಪಲಿ ಬಿಡುತ್ತಿದ್ದ ಮೇಸ್ತ್ರಿ ಅಲ್ಲೇ ನಿಂತರು. ಒಂದು ಕಾಲಿನ ಚಪ್ಪಲಿ ಕಾಲಲ್ಲೇ ಇತ್ತು.

"ಪಾಕ ಸೀದ ಹಾಗೆ? ಸರಿಯಾಗಿ ಹೇಳವ್ವಾ. ರಬ್ಬರ್ ಅಲ್ಲ? ಕೂದ್ಲು ಸುಟ್ಟ ಹಾಗಲ್ಲ?"

"ಅಲ್ಲಣ್ಣ. ಸಿಹಿ ಸಿಹಿಯಾಗಿ, ಗಂಟಲಿಗೆ ಕಹಿ. ಯಾಕೆ, ನಿಮ್ಗೆ ಗೊತ್ತಿಲ್ವಾ?"

ಆ ಯಂತ್ರ ಮೇಸ್ತ್ರಿಯ ಕಣ್ಣಿಗೆ ಕಟ್ಟಿದಂತಿತ್ತು. ತಂದವಳು ಮನೆಯಲ್ಲೇ ಬಟ್ಟೆ ಹೊಲಿಯುವ ದರ್ಜಿ ಹೆಂಗಸು. ಎಳೆಯುವ ಶಕ್ತಿ ಕಮ್ಮಿಯಾಗಿದೆ, ಆಗಾಗ ನಿಂತುಹೋಗುತ್ತದೆ ಎಂದಿದ್ದಳು. ಬಿಚ್ಚಿದಾಗ ನೂಲಿನ ನವಿರು ಮೆತ್ತಿ ಫಿಲ್ಟರು ಕಂಬಳಿಯಾಗಿತ್ತು, ಕಾರ್ಬನ್‌ಗಳು ಸವೆದು ಮೊಂಡಾಗಿದ್ದವು. ಫಿಲ್ಟರ್ ತೊಳೆದು, ಕಾರ್ಬನ್ ಬದಲಾಯಿಸಿದ್ದರು. ಫಿಲ್ಟರು ಅಷ್ಟು ಕಟ್ಟಿಕೊಂಡಿದ್ದರೆ ಮೋಟಾರಿಗೆ ತಂಪುಗಾಳಿ ಸಿಗದೆ ತಿಂಗಳುಗಟ್ಟಲೆ ಕಾದಿರುತ್ತದೆ. ವಾರ್ನಿಷ್ ಬೆಂದಿರಲೇಬೇಕು. ಮೂಗಿದ್ದಿದ್ದರೆ ಮೊದಲ ಉಸಿರಿಗೇ ತಿಳಿಯುತ್ತಿತ್ತು, ಮೀಟರು ಹಿಡಿದಿದ್ದರೆ ಮುಕ್ಕಾಲು ಗಂಟೆಗೆ. ಹೆಚ್ಚು ಬಿಸಿಯಾದರೆ ತಾನೇ ನಿಲ್ಲುವ ಏರ್ಪಾಡು ಆ ಹಳೆಯ ಮಾದರಿಯಲ್ಲಿ ಇಲ್ಲ. ಮನೆಯಲ್ಲಿ ಅದನ್ನು ಓಡಿಸುವುದು ಎರಡು ನಿಮಿಷವಲ್ಲ, ಅರ್ಧ ಗಂಟೆ. ಅದೂ ನೆಲದ ತುಂಬ ಹತ್ತಿಬಟ್ಟೆಯ ಚೂರು ಬಿದ್ದಿರುವ ಮನೆಯಲ್ಲಿ.

"ಫೋನ್ ಹಚ್ಚು. ಈಗ್ಲೇ. ಮಿಷನ್ ಮುಟ್ಬೇಡಿ ಅಂತ ಹೇಳು."

ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ಹೊಲಿಗೆ ಮಿಷನ್ ಸದ್ದಿಗೆ ಕೇಳಿಸ್ತಿಲ್ವೇನೋ," ಎಂದಳು ಕೌಂಟರಿನವಳು. ಯಾವ ಮಿಷನ್ ಸದ್ದೋ ಎಂದುಕೊಂಡರು ಮೇಸ್ತ್ರಿ. ವಿಳಾಸದ ಚೀಟಿ ಕಿತ್ತುಕೊಂಡು, ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿ, ಬೀದಿಗೆ ಬಿದ್ದರು. "ನೀನು ಮಾಡ್ತಾನೇ ಇರು!" ಎಂದು ಬಾಗಿಲಿಂದ ಕೂಗಿದರು.

ಬಸ್ಸು ಸಿಕ್ಕಿತು. ನಾಲ್ಕನೆಯ ನಿಲ್ದಾಣದ ಹತ್ತಿರ ರಸ್ತೆ ಅಗೆದಿದ್ದರು. ಬಸ್ಸು ಕೆಮ್ಮುತ್ತ ನಿಂತೇಬಿಟ್ಟಿತು. ಮೇಸ್ತ್ರಿ ಮೂರು ನಿಮಿಷ ಕಂಬಿ ಹಿಡಿದು ನಿಂತರು. ಆ ಮೂರು ನಿಮಿಷದಲ್ಲಿ ಅವರ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು: ಹೆಂಗಸರು ಮನೆ ಚೊಕ್ಕಟ ಮಾಡುವುದು ಒಂಬತ್ತರ ಮೇಲೆ, ಈಗ ಒಂಬತ್ತೂ ಇಪ್ಪತ್ತು. ಹತ್ತು ನಿಮಿಷಕ್ಕೆ ಸುರುಳಿ ಕಾಯುತ್ತದೆ, ಹದಿನೈದಕ್ಕೆ ಹೊಗೆ, ಆಮೇಲೆ ಕರಗಿದ ಚೂರುಗಳು ಜಾಲರಿಯಿಂದ ಹೊರಗೆ.

"ಇಳೀತೀನಿ, ಬಾಗ್ಲು ತೆಗಿ!"

"ಸ್ಟಾಪಲ್ಲ ಯಜಮಾನ್ರೇ ಇದು. ಗಾಡಿ ಹೋಗತ್ತೆ, ತಾಳ್ಮೆ ಇರ್ಲಿ. ಮನೆಗೆ ಬೆಂಕಿ ಬಿದ್ದೋರ ಥರ ಆಡ್ತೀರಲ್ಲ!" ಎಂದ ಕಂಡಕ್ಟರ್.

ಮೇಸ್ತ್ರಿ ಅವನ ಮುಖ ನೋಡಿದರು. ಆ ನೋಟದಲ್ಲಿ ಏನಿತ್ತೋ, ಅವನು ಬಾಗಿಲು ತೆರೆದ.

ಓಡಿದರು. ಓಡಿ ಅಭ್ಯಾಸವಿಲ್ಲದ ಕಾಲುಗಳು ಎರಡನೆಯ ಬೀದಿಗೇ ಸೋತವು. ಅಂಗಡಿಗಳ ಮುಂದೆ ನೀರು ಚಿಮುಕಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಮೂಲೆಯಲ್ಲೊಂದು ನಾಲ್ಕಂತಸ್ತಿನ ಬೂದು ಕಟ್ಟಡ, ಚೀಟಿಯಲ್ಲಿದ್ದ ಸಂಖ್ಯೆ ಗೇಟಿನ ಮೇಲಿತ್ತು. ಮೂರನೆಯ ಮಹಡಿ. ಎರಡನೆಯ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಅವರಿಗೆ ಕೇಳಿಸಿತು.

ಕ್ಲೀನರ್ ಓಡುತ್ತಿತ್ತು. ಸರಿಯಾಗಿ ಓಡುವ ಮೋಟಾರಿನ ಸದ್ದು ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಇದು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿತ್ತು, ಏರಿಯಲ್ಲಿ ಭಾರ ಎಳೆಯುವ ಗಾಡಿಯ ಹಾಗೆ.

ಬಾಗಿಲಿಗೆ ಬಂದು ಎರಡೂ ಕೈಯಿಂದ ಬಡಿದರು. "ಅಮ್ಮಾ! ಆಫ್ ಮಾಡಿ! ಅಮ್ಮಾ!" ಒಳಗೆ ಸದ್ದು ಹಾಗೆಯೇ ಇತ್ತು. ಕರೆಗಂಟೆ ಒತ್ತಿದರು, ಒದ್ದರು. ಆ ಯಂತ್ರದ ಮುಂದೆ ನಿಂತವರಿಗೆ ಬಾಗಿಲ ಸದ್ದು ಕೇಳುವುದಿಲ್ಲ. ದಿನವೂ ಅದರ ಮುಂದೆ ನಿಲ್ಲುವ ಅವರಿಗೆ ಇದೂ ಗೊತ್ತಿತ್ತು. ಬಾಗಿಲು ಮುರಿಯುವ ಶಕ್ತಿ ಅವರಲ್ಲಿರಲಿಲ್ಲ. ಅವರು ತಿರುಗಿ, ಗೋಡೆ ಹಿಡಿದುಕೊಂಡು, ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದರು.

ಮೆಟ್ಟಿಲ ಬುಡದಲ್ಲಿ ಇಡೀ ಕಟ್ಟಡದ ಮೀಟರ್ ಬೋರ್ಡು. ಹನ್ನೆರಡು ಮೇನ್ ಸ್ವಿಚ್ಚುಗಳು. ಯಾವ ಮನೆಗೆ ಯಾವುದೆಂದು ಬರೆದಿದ್ದ ಅಂಕಿಗಳ ಮೇಲೆ ಯಾವನೋ ಪುಣ್ಯಾತ್ಮ ಸುಣ್ಣ ಬಳಿದಿದ್ದ. ಮೇಸ್ತ್ರಿ ಹನ್ನೆರಡನ್ನೂ ಒಂದೊಂದಾಗಿ ಕೆಳಗೆಳೆದರು.

ಇಡೀ ಕಟ್ಟಡ ಸ್ತಬ್ಧವಾಯಿತು. ಮರುಕ್ಷಣ ಒಂದೊಂದೇ ಬಾಗಿಲು ತೆರೆಯಿತು.

"ಯಾರ್ರೀ ಅದು ಕೆಳಗೆ? ಯಾವನ್ ಕೈ ಅದು ಬೋರ್ಡಿನ ಮೇಲೆ?"

ಎರಡನೆಯ ಮಹಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಂಡಸೊಬ್ಬ ಟವೆಲ್ಲಿನಲ್ಲಿ ನಿಂತಿದ್ದ, ಕೈಯಲ್ಲಿ ಕರೆಂಟಿನ ರೇಜರು. "ಹೀಗೇ ಆಫೀಸಿಗೆ ಹೋಗ್ಲಾ ನಾನು?"

"ಆಮೇಲೆ ಬೈರಿ ಸ್ವಾಮಿ," ಎನ್ನುತ್ತ ಮೇಸ್ತ್ರಿ ಅವನನ್ನು ದಾಟಿ ಮೇಲೆ ಹೋದರು. ಅವನೂ ಬೈಯುತ್ತಲೇ ಹಿಂದೆ ಬಂದ.

ದರ್ಜಿ ಹೆಂಗಸು ಬಾಗಿಲು ತೆರೆದು ಹೊರಗೆ ಇಣುಕುತ್ತಿದ್ದಳು. ಅವಳ ಭುಜದ ಮೇಲಿಂದ ಕೋಣೆ ಕಾಣುತ್ತಿತ್ತು: ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ತೂಗುಹಾಕಿದ ಬಟ್ಟೆಗಳು, ನಡುವೆ ಕೆಂಪು ಕ್ಲೀನರ್. ಅದರ ಹಿಂದೆ, ಜಾಲರಿಗೆ ಎದುರಾಗಿ, ಗುಡಿಸಿ ರಾಶಿ ಹಾಕಿದ ಬಟ್ಟೆಚೂರು. ರಾಶಿಯಿಂದ ತೆಳ್ಳನೆಯ ನೀಲಿ ಎಳೆಯೊಂದು ನೇರವಾಗಿ ಮೇಲೇಳುತ್ತಿತ್ತು. ಅದು ಹೊಗೆಯೆಂದು ಮೇಸ್ತ್ರಿಗೆ ಹೇಳಿದ್ದು ಕಣ್ಣೊಂದೇ.

ಅವರು ನೋಡುತ್ತಿದ್ದ ಹಾಗೆಯೇ ರಾಶಿಯ ನಡುವೆ ಕೆಂಡದ ಬಣ್ಣ ಹರಡಿ, ನಾಲಗೆಯಷ್ಟು ಉರಿ ಎದ್ದಿತು. ನುಗ್ಗಿ ಅದನ್ನು ತುಳಿದರು. ಉರಿಯುವ ಚೂರೊಂದು ಹಾರಿ, ಮೇಜಿನಿಂದ ಇಳಿಬಿದ್ದಿದ್ದ ನೀಲಿ ಕೋಟಿನ ತೋಳಿಗೆ ಹತ್ತಿತು. ಅದನ್ನು ಕೈಯಿಂದಲೇ ಹಿಸುಕಿದರು. ಅರ್ಧ ಗಡ್ಡದವನು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ, ಬಚ್ಚಲಿನಿಂದ ಬಕೆಟ್ ತಂದು ಸುರಿದ. ನೀರು ಮೇಜಿನ ಕೆಳಗೆಲ್ಲ ಹರಿಯಿತು. ಉರಿ ಸತ್ತಿತು.

ಹೆಂಗಸು ಕೋಟನ್ನೆತ್ತಿ ಸುಟ್ಟ ತೋಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ವಾಸನೆ ಬರ್ತಿತ್ತು," ಎಂದಳು ನಿಧಾನವಾಗಿ. "ಹಚ್ಚಿದಾಗ್ಲಿಂದ ಬರ್ತಿತ್ತು. ಕಿಟಕಿ ತೆಗೆದಿಟ್ಟೆ. ನಿಮ್ಮಂಥೋರು ಮಂಡಿ ಊರಿ ಮೂಸಿ ಪಾಸು ಮಾಡಿದ್ದಲ್ವಾ, ರಿಪೇರಿ ಆದ್ಮೇಲೆ ಒಂದೆರಡು ಸಲ ಹಾಗೇ ಅಂದ್ಕೊಂಡೆ."

"ಅದೇನ್ರೀ ಮೂಸಿದ್ದು?" ಎಂದ ಅರ್ಧ ಗಡ್ಡದವನು. "ನನ್ನ ಮನೇಗೇ ನಾತ ಹೊಡೀತಿತ್ತು. ಇಷ್ಟು ನಾತ ಗೊತ್ತಾಗ್ದೆ ಇರೋಕೆ ಅದೇನು ಮೂಗೋ, ಗೋಡೆ ಮೇಲಿನ ಮೊಳೆಯೋ?"

"ನಂಗೆ ವಾಸನೆ ಬರಲ್ಲ," ಎಂದರು ಮೇಸ್ತ್ರಿ.

ಜೋರಾಗಿ ಹೇಳಬೇಕೆಂದಿರಲಿಲ್ಲ. ಓಡಿದ ಉಸಿರಿಗೆ ಜೋರಾಗಿಯೇ ಬಂತು. ಮೆಟ್ಟಿಲ ಮೇಲೆ ಸೇರಿದ್ದವರಿಗೂ ಕೇಳಿಸಿತು.

"ನಾಲ್ಕು ತಿಂಗಳಾಯ್ತಮ್ಮ. ಜ್ವರ ಬಂದು ಹೋಯ್ತು. ಯಾರಿಗೂ ಹೇಳಿಲ್ಲ. ನಿನ್ನೆ ನಿಮ್ಮ ಮುಂದೆ ಮಂಡಿ ಊರಿದ್ದು ಸುಳ್ಳು."

ಹೆಂಗಸು ಬೈಯುತ್ತಾಳೆಂದು ಕಾದರು. ಅವಳು ಬೈಯಲಿಲ್ಲ. ಒದ್ದೆ ನೆಲದ ಮೇಲೆ ಕೋಟು ಹಿಡಿದು ನಿಂತವಳು, ದರ್ಜಿಗಳು ಅಳತೆ ಕೇಳುವ ಸಪ್ಪೆ ದನಿಯಲ್ಲಿ ಕೇಳಿದಳು:

"ಈ ನಾಲ್ಕು ತಿಂಗಳಲ್ಲಿ ಹೀಗೆ ಎಷ್ಟು ಪಾಸು ಮಾಡಿದ್ದೀರಿ?"

ಅಲ್ಲಿಯವರೆಗೂ ಅವರ ತಲೆಯಲ್ಲಿದ್ದುದು ಒಂದೇ ಯಂತ್ರ. ಕೆಂಪು ಬಣ್ಣದ್ದು. ಈಗ ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದು ನಿಂತವು: ಬೂದು, ನೀಲಿ, ಚಕ್ರ ಮುರಿದದ್ದು, ನಾಯಿಯ ಕೂದಲು ತುಂಬಿದ್ದು. ಸುಟ್ಟ ಅಂಗೈ ಉರಿಯತೊಡಗಿದ್ದು ಆಗಲೇ ಅವರಿಗೆ ತಿಳಿದದ್ದು.

"ಗೊತ್ತಿಲ್ಲಮ್ಮ," ಎಂದರು. "ಎಣಿಸ್ಬೇಕು."

ಕ್ಲೀನರನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ಮರಳಿದಾಗ ಮಾಲೀಕ ಬಂದಾಗಿತ್ತು. ಕೌಂಟರಿನವಳಿಂದ ಅರ್ಧ ಕೇಳಿದ್ದ, ಉಳಿದರ್ಧವನ್ನು ಮೇಸ್ತ್ರಿ ನಿಂತೇ ಹೇಳಿದರು. ಹೇಳುತ್ತಲೇ ಡ್ರಾಯರು ಎಳೆದು ಮೀಟರು ತೆಗೆದರು. ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಗೋಡೆಯ ಗಡಿಯಾರದ ಬ್ಯಾಟರಿ ಕಿತ್ತು ಹಾಕಿದರು. ಕೆಂಪು ಯಂತ್ರದ ಮೋಟಾರ್ ಬಿಚ್ಚಿ, ಪಟ್ಟಿಗಳ ಮೇಲೆ ಮೊನೆ ಇಡುತ್ತ ಹೋದರು. ಒಂದರಿಂದ ಎಂಟರವರೆಗೆ ಒಂದೇ ಅಂಕಿ. ಒಂಬತ್ತರಲ್ಲಿ ಅಂಕಿ ಅರ್ಧಕ್ಕಿಂತ ಕೆಳಗೆ ಬಿತ್ತು, ಹತ್ತರಲ್ಲಿ ಸೊನ್ನೆಯ ಹತ್ತಿರ.

ಮಾಲೀಕ ಬಗ್ಗಿ ನೋಡಿದ.

"ಇಂಥವು ಎಷ್ಟಿವೆ?" ಎಂದ.

ಕೌಂಟರಿನವಳು ಚೀಟಿಗಳ ನಕಲು ಹರಡಿಕೊಂಡು ಕೂತಿದ್ದಳು. ಪೈಪು ಒಡೆದದ್ದು, ವೈರು ತುಂಡಾದದ್ದು ಬಿಟ್ಟು, ಮೋಟಾರ್ ಬಿಚ್ಚಿ ಪಾಸು ಮಾಡಿದವು ಇನ್ನೂ ಇಪ್ಪತ್ತಾರು.

"ನೋಡಿ ಮೇಸ್ತ್ರಿ, ಆದದ್ದಾಯ್ತು. ಎಲ್ರಿಗೂ ಫೋನ್ ಮಾಡೋಣ. ಫ್ರೀ ಸರ್ವೀಸ್ ಇದೆ, ಮಿಷನ್ ತಂದ್ಕೊಡಿ ಅನ್ನೋಣ. ಸದ್ದಿಲ್ದೆ ಚೆಕ್ ಮಾಡಿ ಕಳಿಸೋಣ. ನಿಮ್ಮ ಮಾನಾನೂ ಉಳೀತು, ಅಂಗಡೀದೂ ಉಳೀತು."

ಬಿಸಿ ತುಪ್ಪದಂಥ ಮಾತು. ಮೇಸ್ತ್ರಿಗೆ ಅದನ್ನು ನುಂಗಬೇಕೆನ್ನಿಸಿತು. ಒಂದು ಗಳಿಗೆ, ಆ ಬೆಳಗಿನ ಓಟದ ನಂತರ, ಬಹಳ ಆಸೆಯಾಯಿತು.

"ಫ್ರೀ ಅಂದ್ರೆ ಮುಂದಿನ ವಾರ ತರ್ತಾರೆ," ಎಂದರು. "ಬಿಡುವಾದಾಗ ತರ್ತಾರೆ. ಅಲ್ಲಿವರೆಗೂ ದಿನಾ ಹಚ್ತಾರೆ. ಇವತ್ತೇ ನಿಲ್ಲಿಸ್ಬೇಕು ಅಂದ್ರೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

"ನಿಜ ಹೇಳಿದ್ರೆ ನಾಳೆಯಿಂದ ಯಾರು ಬರ್ತಾರೆ ಇಲ್ಲಿಗೆ?"

"ಬರಲ್ಲ," ಎಂದು ಮೇಸ್ತ್ರಿ ಕುರ್ಚಿ ಎಳೆದು ಫೋನಿನ ಮುಂದೆ ಕೂತರು.

ಮೊದಲನೆಯದು ರಿಂಗಾಯಿತು. "ಓ, ಮೂಗಿನ ಮೇಸ್ತ್ರಿಗಳಾ!" ಎಂದಿತು ಗಂಡು ದನಿ. "ಏನ್ ಸಾರ್, ನಮ್ಮ ಮಿಷನ್ ವಾಸನೆ ಅಲ್ಲೀವರೆಗೂ ಬಂತಾ?"

ಮೇಸ್ತ್ರಿ ಕಣ್ಣು ಮುಚ್ಚಿದರು. "ದಯವಿಟ್ಟು ಅದನ್ನ ಇನ್ನು ಹಚ್ಬೇಡಿ. ಪ್ಲಗ್ ತೆಗೆದಿಡಿ. ನಂಗೆ ವಾಸನೆ ಗೊತ್ತಾಗಲ್ಲ. ನಾನು ಪಾಸು ಮಾಡಿದ್ದು ಸರಿ ಇದೆಯೋ ಇಲ್ವೋ ನಂಗೇ ಗೊತ್ತಿಲ್ಲ."

ಆ ಕಡೆ ನಗು ಬಂತು, ತಮಾಷೆಯೆಂದುಕೊಂಡಿದ್ದ. ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು.

ಮಧ್ಯಾಹ್ನದ ಊಟ ಯಾರೂ ಮಾಡಲಿಲ್ಲ. ಒಬ್ಬಾಕೆ ಪೊಲೀಸಿಗೆ ದೂರು ಕೊಡುತ್ತೇನೆಂದಳು. ವಯಸ್ಸಾದವರೊಬ್ಬರು, "ಮೊದ್ಲು ನಿಮ್ಮ ಮೂಗು ತೋರಿಸ್ಕೊಳ್ಳಿ ಮಾರಾಯ್ರೇ, ಮಿಷನ್ ಹೋದ್ರೆ ಹೋಗ್ಲಿ," ಎಂದರು. ಆ ಮಾತಾದ ಮೇಲೆ ಮೇಸ್ತ್ರಿಗೆ ಮುಂದಿನ ನಂಬರು ಒತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಐದು ಮನೆಗಳಲ್ಲಿ ಒಂದೇ ಮಾತು ಬೇರೆ ಬೇರೆ ಬಾಯಲ್ಲಿ ಬಂತು: ವಾಸನೆ ಬರ್ತಿತ್ತು, ನೀವು ಪಾಸು ಮಾಡಿದ್ದು ಅಂತ ಸುಮ್ಮನಿದ್ವಿ. ಕೌಂಟರಿನವಳು ಆ ಐದು ಚೀಟಿಗಳನ್ನು ಬೇರೆ ಇಟ್ಟಳು. ನಾಲ್ಕು ಗಂಟೆಗೆ ಮಾಲೀಕ ಎದ್ದು, ತನ್ನ ಗಾಡಿಯ ಕೀಲಿ ತೆಗೆದುಕೊಂಡು, ಆ ಐದನ್ನು ಹೊತ್ತು ತರಲು ಹೊರಟ.

ಸಂಜೆ ಐದರ ಹೊತ್ತಿಗೆ ಇಪ್ಪತ್ತೈದು ಮನೆಗಳಿಗೆ ಸುದ್ದಿ ಮುಟ್ಟಿತ್ತು. ಉಳಿದದ್ದು ಒಂದು. ಬೆಳಗಿನಿಂದ ಏಳು ಸಲ ಮಾಡಿದ್ದರು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಕೌಂಟರಿನವಳು ಚೀಟಿ ಎತ್ತಿ ನೋಡಿದಳು. "ಈಕೆ ಆಸ್ಪತ್ರೆ ನರ್ಸಣ್ಣ. ರಾತ್ರಿ ಪಾಳಿ. ಹಗಲೆಲ್ಲ ಮಲಗಿರ್ತಾರೆ. ಫೋನ್ ಸದ್ದು ಇಟ್ಕೊಳ್ಳಲ್ಲ ಅಂತ ಕಾಣತ್ತೆ."

"ಏಳೋದು ಎಷ್ಟು ಗಂಟೆಗೆ?"

"ಆರಕ್ಕೆ. ಎದ್ದ ತಕ್ಷಣ ಮನೆಯೆಲ್ಲ ಕ್ಲೀನ್ ಮಾಡ್ಕೊಂಡೇ ಡ್ಯೂಟಿಗೆ ಹೋಗೋದು, ಅದಕ್ಕೇ ಬೇಗ ರಿಪೇರಿ ಮಾಡ್ಕೊಡಿ ಅಂತ ಅವತ್ತು ಅವಸರ ಮಾಡಿದ್ರು."

ಮೇಸ್ತ್ರಿ ಗಡಿಯಾರ ನೋಡಿದರು. ಬ್ಯಾಟರಿ ಇಲ್ಲದ ಗಡಿಯಾರ ಹನ್ನೊಂದರಲ್ಲೇ ನಿಂತಿತ್ತು. ಕೌಂಟರಿನವಳು ತನ್ನ ಕೈಗಡಿಯಾರ ತೋರಿಸಿದಳು: ಐದೂ ಹನ್ನೆರಡು. ವಿಳಾಸ ನದಿಯ ಆಚೆ ದಡದ್ದು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವರು ಮೀಟರನ್ನು ಚೀಲಕ್ಕೆ ಹಾಕಿ, ಸುಟ್ಟ ಕೈಗೆ ಕರವಸ್ತ್ರ ಸುತ್ತಿಕೊಂಡು ಎದ್ದರು.

ಬಾಗಿಲು ದಾಟಿದ ಮೇಲೆ ಹಿಂದಿನಿಂದ ಶಟರ್ ಎಳೆದ ಸದ್ದಾಯಿತು. ಕೌಂಟರಿನವಳು ಬೀಗ ಹಾಕುತ್ತಿದ್ದಳು, ಹೆಗಲಿಗೆ ತನ್ನ ಚೀಲ.

"ನೀನೆಲ್ಲಿಗೆ?"

"ನೀವೊಬ್ರೇ ಹೋಗಿ ಏನ್ ಮಾಡ್ತೀರಿ? ಬಾಗ್ಲಾಚೆ ನಿಂತು ಒಳಗೆ ಹೊಗೆ ಇದೆಯಾ ಅಂತ ಮೂಸಿ ಹೇಳೋರು ಯಾರು?" ಎಂದು ಅವಳು ಬೀಗವನ್ನು ಒಮ್ಮೆ ಎಳೆದು ನೋಡಿ, ಮೆಟ್ಟಿಲಿಳಿದಳು. "ನಡೀರಿ ಅಣ್ಣಾ, ಬಸ್ ಬಂತು."